ತಲೆಗೆ ಪೆಟ್ಟಾದವರನ್ನು ತುರ್ತು ಘಟಕಕ್ಕೆ ತಂದಾಗ ಜೊತೆಗಿರುವವರು ಮಾಡಬೇಕಾದದ್ದು

ದೇವಿಮನೆ ಘಟ್ಟದ ತಿರುವಿನಲ್ಲಿ ಬೈಕಿನಿಂದ ಉರುಳಿದವರಾಗಲಿ, ಶಿರಸಿ ಕಡೆಯ ತೋಟದಲ್ಲಿ ಅಡಿಕೆ ಮರದಿಂದ ಬಿದ್ದ, ಕೊನೆ ಕೊಯ್ಯುವ ಕೊನೆಗೌಡರಾಗಲಿ, ಅವರ ಮೆದುಳಿಗೆ ಹಾನಿಯಾಗುವುದು ಬಿದ್ದ ಕ್ಷಣದಲ್ಲಿ ಮಾತ್ರವಲ್ಲ. ಆಮೇಲೆ ಆಮ್ಲಜನಕ ಕಡಿಮೆಯಾದರೆ, ರಕ್ತದೊತ್ತಡ ಕುಸಿದರೆ, ತಲೆಬುರುಡೆಯೊಳಗೆ ರಕ್ತ ಹೆಪ್ಪುಗಟ್ಟಿದರೆ ಆ ಹಾನಿ ಬೆಳೆಯುತ್ತಲೇ ಹೋಗುತ್ತದೆ. ಆಸ್ಪತ್ರೆಯ ತುರ್ತು ಚಿಕಿತ್ಸೆಯೆಲ್ಲ ಈ ಎರಡನೆಯ ಹಾನಿಯನ್ನು ತಡೆಯುವುದಕ್ಕಾಗಿಯೇ ಇದೆ.

108ಕ್ಕೆ ಕರೆ ಮಾಡಿ. ಕುತ್ತಿಗೆಯ ಮೂಳೆಗೂ ಪೆಟ್ಟಾಗಿರಬಹುದಾದ್ದರಿಂದ ತಲೆ, ಕುತ್ತಿಗೆ, ಬೆನ್ನು ಒಂದೇ ನೇರದಲ್ಲಿರುವಂತೆ ಎತ್ತಬೇಕೇ ಹೊರತು ಮಡಚಿ ಆಟೋದಲ್ಲಿ ಕೂರಿಸಬಾರದು. ನೀರು, ಚಹಾ ಕುಡಿಸಬೇಡಿ. ಎಚ್ಚರ ಮಂದವಾಗಿರುವವರು ವಾಂತಿ ಮಾಡಿಕೊಂಡರೆ ಅದು ಶ್ವಾಸಕೋಶಕ್ಕೆ ಇಳಿಯಬಹುದು.

ತುರ್ತು ಘಟಕದಲ್ಲಿ ವೈದ್ಯರು ಮೊದಲು ಉಸಿರಾಟ, ನಾಡಿ, ರಕ್ತದೊತ್ತಡಗಳನ್ನು ನೋಡುತ್ತಾರೆ. ಸ್ಕ್ಯಾನ್‌ಗೆ ತಡವಾಯಿತೆಂದು ಆಗ ಗದ್ದಲ ಮಾಡಬೇಡಿ, ಏಕೆಂದರೆ ಉಸಿರು ಭದ್ರವಾಗದ ರೋಗಿಯನ್ನು ಸ್ಕ್ಯಾನ್ ಕೋಣೆಗೆ ಒಯ್ಯುವುದೇ ಅಪಾಯ. ವಯಸ್ಕರಲ್ಲಿ ರಕ್ತದೊತ್ತಡ ಕುಸಿಯಲು ತಲೆಯ ಪೆಟ್ಟೊಂದೇ ಕಾರಣವಾಗಿರುವುದು ಅಪರೂಪವಾದ್ದರಿಂದ ಹೊಟ್ಟೆ, ಎದೆ, ಸೊಂಟದೊಳಗಿನ ರಕ್ತಸ್ರಾವವನ್ನೂ ಹುಡುಕಬೇಕಾಗುತ್ತದೆ. ಬಳಿಕ ಕಣ್ಣು ತೆರೆಯುವುದು, ಮಾತು, ಕೈಕಾಲುಗಳ ಚಲನೆ ನೋಡಿ 3ರಿಂದ 15ರವರೆಗೆ ಅಂಕ ಕೊಡುತ್ತಾರೆ. 1974ರಲ್ಲಿ ರೂಪುಗೊಂಡ ಈ ಗ್ಲಾಸ್ಗೋ ಮಾಪನದಲ್ಲಿ ಅಂಕ 8 ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಸಾಮಾನ್ಯವಾಗಿ ಉಸಿರಾಟದ ನಳಿಕೆ ಹಾಕುತ್ತಾರೆ.

ನಿಮ್ಮ ನಿಜವಾದ ಕೆಲಸ ಇರುವುದು ಹೇಳಿಕೆಯಲ್ಲಿ. ಪೆಟ್ಟು ಬಿದ್ದ ಸಮಯವನ್ನು ಅಂದಾಜಿಗಾದರೂ ಗಡಿಯಾರದ ಲೆಕ್ಕದಲ್ಲೇ ಹೇಳಿ. ರಕ್ತಸ್ರಾವ ತಗ್ಗಿಸುವ ಟ್ರಾನೆಕ್ಸಾಮಿಕ್ ಆಮ್ಲವನ್ನು ಕೊಡುವುದಿದ್ದರೆ 3 ಗಂಟೆಯೊಳಗೆ ಕೊಡಬೇಕು. ಎಚ್ಚರ ತಪ್ಪಿತ್ತೇ, ಫಿಟ್ಸ್ ಬಂದಿತ್ತೇ, ಕಿವಿ ಮೂಗಿನಿಂದ ರಕ್ತವೋ ತಿಳಿನೀರೋ ಸೋರಿತ್ತೇ ಎಂಬುದನ್ನು ಹೇಳಿ. ಹೃದಯದ ಕಾಯಿಲೆಗೆ ವಾರ್ಫರಿನ್, ಕ್ಲೋಪಿಡೋಗ್ರೆಲ್‌ನಂಥ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ನುಂಗುವ ಹಿರಿಯರಾದರೆ ಆ ಮಾತ್ರೆಯ ಹಾಳೆಯನ್ನೇ ವೈದ್ಯರ ಕೈಗೆ ಕೊಡಿ. ಎಲ್ಲಕ್ಕಿಂತ ಮುಖ್ಯವಾಗಿ, ಮೊದಲು ಸರಿಯಾಗಿ ಮಾತಾಡಿ ಆಮೇಲೆ ಮಂಕಾದರೇ ಎಂಬುದನ್ನು ತಿಳಿಸಿ. ಬುರುಡೆ ಮತ್ತು ಮೆದುಳಿನ ಹೊದಿಕೆಯ ನಡುವೆ ರಕ್ತ ಸೇರುತ್ತಿರುವವರು ಕೆಲಹೊತ್ತು ಚೆನ್ನಾಗಿಯೇ ಮಾತಾಡಿ, ನೋಡನೋಡುತ್ತಿದ್ದಂತೆ ಪ್ರಜ್ಞೆ ಕಳೆದುಕೊಳ್ಳಬಹುದು. “ಕುಡಿದಿದ್ದಾನೆ, ಮಲಗಲಿ ಬಿಡಿ” ಎಂಬ ಮಾತಿಗೆ ಜೀವ ಬಲಿಯಾಗುವುದು ಇಂಥಲ್ಲೇ.

ನಮ್ಮ ಉತ್ತರ ಕನ್ನಡ ಜಿಲ್ಲೆಯಿಂದ ನರಶಸ್ತ್ರಚಿಕಿತ್ಸೆಗಾಗಿ ಮಣಿಪಾಲ, ಮಂಗಳೂರು, ಹುಬ್ಬಳ್ಳಿ ಅಥವಾ ಗೋವಾಕ್ಕೆ ಕಳುಹಿಸುವುದು ಸಾಮಾನ್ಯ. ಗಂಟೆಗಟ್ಟಲೆಯ ಈ ದಾರಿಯ ಬಗ್ಗೆ ನನಗೆ ಬಹಳ ಆತಂಕವಿದೆ. ಹೊರಡುವ ಮೊದಲು ಅಲ್ಲಿಯ ವೈದ್ಯರಿಗೆ ಫೋನ್ ಹೋಗಿದೆಯೇ, ಆಂಬುಲೆನ್ಸಿನಲ್ಲಿ ಆಮ್ಲಜನಕವೂ ತರಬೇತಿ ಪಡೆದವರೂ ಇದ್ದಾರೆಯೇ ಎಂದು ಸಂಕೋಚವಿಲ್ಲದೆ ಕೇಳಿ. ನಳಿಕೆ ಬೇಕಾಗುವ ಲಕ್ಷಣವಿದ್ದರೆ ಅದನ್ನು ಇಲ್ಲಿಯೇ ಹಾಕಿಸಬೇಕು, ಹುಬ್ಬಳ್ಳಿ ದಾರಿಯ ಅರಬೈಲ್ ಘಟ್ಟದ ನಡುವೆ ಅದು ಸಾಧ್ಯವಾಗದು. ಸ್ಕ್ಯಾನ್ ಪ್ರತಿ, ಗ್ಲಾಸ್ಗೋ ಅಂಕ, ಕಣ್ಣಿನ ಪಾಪೆಗಳ ಸ್ಥಿತಿ, ಕೊಟ್ಟ ಔಷಧ, ಅವುಗಳ ಸಮಯ ಇಷ್ಟೂ ಬರಹದಲ್ಲಿ ಜೊತೆಗಿರಲಿ.

ಸಣ್ಣ ಪೆಟ್ಟೆಂದು ಮನೆಗೆ ಕಳುಹಿಸಿದರೂ ಮೊದಲ 24 ಗಂಟೆ ಒಬ್ಬರು ಜೊತೆಗಿರಬೇಕು. ತಲೆನೋವು ಏರುತ್ತಿದ್ದರೆ, ಮತ್ತೆ ಮತ್ತೆ ವಾಂತಿಯಾದರೆ, ಮಾತು ತೊದಲಿದರೆ, ಎಬ್ಬಿಸಿದರೂ ಎಚ್ಚರವಾಗದಿದ್ದರೆ ಕೂಡಲೇ ಆಸ್ಪತ್ರೆಗೆ ಮರಳಿ. ಮಳೆಗಾಲದ ರಾತ್ರಿ ವಾಹನ ಸಿಗದ ಜೋಯಿಡಾ, ಸಿದ್ದಾಪುರದ ಒಳಹಳ್ಳಿಯವರಾದರೆ ಅದನ್ನು ವೈದ್ಯರಿಗೆ ಮೊದಲೇ ತಿಳಿಸಿ, ಆ ರಾತ್ರಿ ಆಸ್ಪತ್ರೆಯಲ್ಲೇ ಉಳಿಸಿಕೊಳ್ಳುವಂತೆ ಕೇಳಿಕೊಳ್ಳಿ.