ಕಾಫಿ ಪಲ್ಪಿಂಗ್ ನೀರು ಹಳ್ಳಕ್ಕೆ ಬಿಡೋದು ನಿಂತಿದ್ದು ಹೀಗೆ (ನನ್ನ ಅನುಭವ)

ಈ ಸಲ ಜನವರಿ ಕೊನೇಲೂ ದನಗಳು ನಮ್ಮ ಹಳ್ಳದ ನೀರು ಕುಡಿದ್ವು. ಸಕಲೇಶಪುರ ಕಡೆ ಬೆಳೆಗಾರರಿಗೆ ಇದರ ಬೆಲೆ ಗೊತ್ತು. ಕಾಫಿ ಹಣ್ಣು ಕೊಯ್ಲು ಶುರುವಾದ್ರೆ ಪಲ್ಪಿಂಗ್ ನೀರು, ಅಂದ್ರೆ ಹಣ್ಣಿನ ಸಿಪ್ಪೆ ಸುಲಿದು ಬೀಜ ತೊಳೆದ ನೀರು, ಸೇರಿ ಹಳ್ಳ ಕಪ್ಪಾಗಿ, ಹುಳಿ ನಾತ ಹೊಡೆದು, ಮೀನು ಏಡಿ ಸತ್ತು ತೇಲೋದನ್ನ ಎಲ್ಲರೂ ನೋಡಿದೀವಿ. ಆ ಹಳ್ಳ ಸೇರೋದು ಹೇಮಾವತಿಗೆ, ಅಲ್ಲಿಂದ ಗೊರೂರು ಡ್ಯಾಮ್‌ಗೆ. ಈ ನೀರು ಶುದ್ಧ ಮಾಡೋ ಒಂದು ಹೊಂಡಕ್ಕೆ ಬೆಳೆಗಾರರು ಒಟ್ಟಾಗಿ ದುಡ್ಡು ಹಾಕ್ತಾರಾ, ಆಗೋ ಹೋಗೋ ಮಾತಲ್ಲ ಅಂದವರೇ ಜಾಸ್ತಿ. ಈಗ ಅವರೇ ನೋಡೋಕೆ ಬರ್ತಿದಾರೆ ಅಂತ ಬರೀತಿದೀನಿ.

ಮೊದಲು ಅವರವರ ತೋಟದಲ್ಲಿ ಅವರವರೇ ಹೊಂಡ ತೋಡಿಸಿದ್ರು. ಒಬ್ಬರದ್ದು ಬರೀ ಮಣ್ಣಿನ ಹೊಂಡ, ನೀರು ಇಂಗಿ ಕೆಳಗಿನ ಲೈನ್ ಮನೆ (ತೋಟದ ಕೆಲಸಗಾರರ ಮನೆ) ಬಾವಿಗೇ ಇಳೀತು. ಇನ್ನೊಬ್ಬರು ಸಿಲ್ಪಾಲಿನ್ ಪ್ಲಾಸ್ಟಿಕ್ ಹಾಳೆ ಹಾಸಿದ್ರು, ಒಂದೇ ಸೀಸನ್‌ಗೆ ಹರಿದುಹೋಯ್ತು. ಮೂಟೆಗಟ್ಲೆ ಸುಣ್ಣ ಸುರಿದು ಪಿಎಚ್ (ಹುಳಿಯ ಅಳತೆ, 7 ಅಂದ್ರೆ ಹುಳಿ ಇಲ್ಲ) 4ರಿಂದ 7ಕ್ಕೆ ತಂದ್ರೆ ಎರಡು ದಿನಕ್ಕೆ ಮತ್ತೆ ಹುಳಿ, ಯಾಕಂದ್ರೆ ಬೀಜದಿಂದ ಬಿಟ್ಟ ಲೋಳೆ ಒಳಗೇ ಹುದುಗ್ತಾನೇ ಇರುತ್ತೆ. ಡಿಸೆಂಬರ್ ಚಳಿಗೆ ಹೊಂಡ ಕೆಲಸಾನೇ ಮಾಡಲ್ಲ. ಎಲ್ಲಾ ಸೇರಿ ಎರಡು ಲಕ್ಷದ ಹತ್ರ ಮಣ್ಣಿಗೆ ಹೋಯ್ತು.

ನಾನು ಹಟ ಹಿಡಿದಿದ್ದು ಒಂದಕ್ಕೆ, ಮೊದಲು ನೀರು ಕಡಿಮೆ ಮಾಡಿ ಆಮೇಲೆ ಶುದ್ಧ ಮಾಡೋ ಮಾತು. ಇಳಿಜಾರು, ತ್ರೀ ಫೇಸ್ ಕರೆಂಟ್ ಎರಡೂ ಇದ್ದ ಒಂದೇ ಕಣ ಆರಿಸಿ ಸೆಕೆಂಡ್ ಹ್ಯಾಂಡ್ ಆಕ್ವಾ ವಾಷರ್ (ಕಡಿಮೆ ನೀರಲ್ಲಿ ಲೋಳೆ ಉಜ್ಜಿ ತೆಗೆಯೋ ಮಷೀನು) ಹಾಕಿದ್ವಿ, ಸಣ್ಣ ಬೆಳೆಗಾರರೂ ಕೊಯ್ದ ಸಂಜೆನೇ ಹಣ್ಣನ್ನ ಪಿಕಪ್‌ನಲ್ಲಿ ತಂದು ಹಾಕ್ತಾರೆ, ಇಡೀ ದಿನದ ಹಣ್ಣಿಗೆ ಅದೇ ನೀರು ತಿರುಗುತ್ತೆ, ಸಿಪ್ಪೆ ನೀರಿಗೆ ತಾಗದೇ ನೇರ ಗೊಬ್ಬರದ ಗುಂಡಿಗೆ. ಜೋರು ದಿನ 25-30 ಸಾವಿರ ಲೀಟರ್ ಹೋಗ್ತಿದ್ದ ಕಡೆ ಈಗ ಆರೇಳು ಸಾವಿರ.

ದುಡ್ಡಿನ ವಿಷಯಕ್ಕೇ ಎರಡು ಸಲ ಮುರಿದುಬಿತ್ತು. ಎಕರೆ ಲೆಕ್ಕ ಅಂದಾಗ ರೋಬಸ್ಟಾ ಕಾಫೀನ ಚೆರ್ರಿ ಮಾಡಿ, ಅಂದ್ರೆ ಸಿಪ್ಪೆ ಸಮೇತ ಒಣಗಿಸೋರು ಎದ್ದು ಹೋದ್ರು, ನ್ಯಾಯಾನೇ, ಅವರು ನೀರೇ ಬಳಸಲ್ವಲ್ಲ. ಕೊನೆಗೆ ಪಾರ್ಚ್‌ಮೆಂಟ್ (ಸಿಪ್ಪೆ ಸುಲಿದು ತೊಳೆದು ಒಣಗಿಸಿದ ಬೀಜ) ಮೂಟೆ ಲೆಕ್ಕಕ್ಕೆ ಒಪ್ಪಿಗೆ ಆಯ್ತು, ಮಷೀನು, ಸಿಮೆಂಟ್ ತೊಟ್ಟಿ, ಬ್ಲೋವರ್ ಎಲ್ಲಾ ಸೇರಿ 14 ಲಕ್ಷದ ಆಸುಪಾಸು. ಸಬ್ಸಿಡಿ ಬರ್ಲಿ ಅಂತ ಕಾಯ್ಲಿಲ್ಲ, ಕಾದಿದ್ರೆ ಇನ್ನೂ ಕಾಯ್ತಾನೇ ಇರ್ತಿದ್ವಿ.

ಇನ್ನು ಶುದ್ಧ ಮಾಡೋದು, ತೊಟ್ಟಿಯಿಂದ ತೊಟ್ಟಿಗೆ. ಸುಣ್ಣ ಒಂದೇ ಸಲ ಸುರಿಯಲ್ಲ, ಬೆಳಿಗ್ಗೆ ಸಂಜೆ ಸ್ವಲ್ಪ ಸ್ವಲ್ಪ. ಎರಡನೇ ತೊಟ್ಟಿಗೆ ಹಸಿ ಸಗಣಿ ಬೇಡ, ಓಡ್ತಿರೋ ಗೋಬರ್ ಗ್ಯಾಸಿನ ಬಗ್ಗಡಾನೇ ಬೇಕು, ಇಪ್ಪತ್ತು ದಿನದ ಹತ್ರ ಬಿಟ್ಟು ಆಮೇಲೆ ಗಾಳಿ ಹೊಡೆಸೋದು. ಚಳಿಗಾಲಕ್ಕೆ ಅದರ ಜೊತೆ ಇನ್ನೊಂದು ಸೇರಿಸ್ತೀವಿ, ಅದನ್ನ ಇಲ್ಲಿ ಬರೆಯಲ್ಲ, ಕಣಕ್ಕೆ ಬಂದವರಿಗೆ ತೋರಿಸ್ತೀನಿ. ಹಸಿ ನೀರಿನ ಬಿಒಡಿ (ನೀರಿನ ಕೊಳೆ ಎಷ್ಟು ಆಮ್ಲಜನಕ ತಿನ್ನುತ್ತೆ ಅನ್ನೋ ಅಳತೆ, ಲೀಟರ್‌ಗೆ ಮಿಲಿಗ್ರಾಂ ಲೆಕ್ಕ) ಸಾವಿರಗಳಲ್ಲಿತ್ತು, ಕೊನೇ ತೊಟ್ಟೀದು ಲ್ಯಾಬಲ್ಲಿ 80ರ ಹತ್ರ ಬಂತು. ಜಮೀನಿಗೆ ಬಿಡೋಕೆ ಮಿತಿ 100, ಹೊಳೆಗಾದ್ರೆ 30. ಅದಕ್ಕೇ ಒಂದು ಹನೀನೂ ಹಳ್ಳಕ್ಕೆ ಬಿಡಲ್ಲ, ಪೂರ್ತಿ ಬಾಳೆಗೆ. ಬಾಳೆ ಗೊನೆ ಈ ಸಲ ಕಣ್ಣು ಕುಕ್ಕೋ ಹಾಗಿದೆ. ಮೆಣಸಿನ ಬಳ್ಳಿ ಬುಡಕ್ಕೆ ಮಾತ್ರ ಬಿಡಬೇಡಿ, ತೇವ ನಿಂತ್ರೆ ಸೊರಗು ರೋಗ ಗ್ಯಾರಂಟಿ. ನೀರಿನ ಕೊಳೆ ಹೀರಲಿ ಅಂತ ಕಾಬಾಳೆ (ಕ್ಯಾನಾ) ಗಿಡಾನೂ ನೆಟ್ಟು ನೋಡಿದೆ, ಎರಡನೇ ತೊಟ್ಟೀಲಿ ಸುಟ್ಟುಹೋಯ್ತು, ಕೊನೇದ್ರಲ್ಲಿ ಆಳೆತ್ತರ ಬೆಳೆದು ಹೂ ಬಿಟ್ಟಿದೆ, ಲಾವಂಚ ಅಷ್ಟು ಚುರುಕಿಲ್ಲ.

ಆದ್ರೆ ಇಷ್ಟೆಲ್ಲಾ ನಿಂತಿರೋದು ಕೆಳಗಿನ ಊರಿನವರಿಂದ ಮಾರಾಯ್ರೆ. ಮೊದಲು ಅವರು ಅರ್ಜಿ ಹಾಕೋದು, ನಾವು ಮುಖ ತಿರುಗಿಸೋದು, ಇಷ್ಟೇ ಆಗಿತ್ತು. ನಾವೇ ಹೋಗಿ ಪಿಎಚ್ ಪೇಪರ್ ಕಟ್ಟು ಕೊಟ್ಟು ಬಂದ್ವಿ. ಅಲ್ಲಿನ ಹೆಣ್ಮಕ್ಕಳು ಬಟ್ಟೆ ಒಗೆಯೋಕೆ ಬಂದಾಗ ಅದ್ದಿ ನೋಡ್ತಾರೆ, ಹಸಿರು ಬಿಟ್ಟು ಕಿತ್ತಳೆ ಕಡೆ ತಿರುಗಿದ್ರೆ ಫೋನು. ಒಂದ್ಸಲ ರಾತ್ರಿ ಯಾರೋ ತೊಟ್ಟಿಯ ಗೇಟ್ ವಾಲ್ವ್ ತೆಗೆದು ನೀರು ಹಳ್ಳಕ್ಕೆ ಬಿಟ್ಟಿದ್ರು, ಬೆಳಿಗ್ಗೆ ಏಳಕ್ಕೇ ಗೊತ್ತಾಗಿ ಮುಚ್ಚಿಸಿದ್ವಿ. ಆಮೇಲೆ ಯಾರೂ ಆ ಕೆಲಸಕ್ಕೆ ಕೈ ಹಾಕಿಲ್ಲ.

ಮೇಲಿನ ಎರಡು ತೋಟ ಇನ್ನೂ ಸೇರಿಲ್ಲ, ಮಾತುಕತೆ ನಡೀತಿದೆ. ನೀವು ಮಾಡೋದಾದ್ರೆ ತೊಟ್ಟಿ ಕೆಲಸ ಏಪ್ರಿಲ್‌ನಲ್ಲೇ ಮುಗಿಸಿ, ಮಳೆ ಹಿಡಿದ್ರೆ ಜೆಸಿಬಿ ಇಳಿಜಾರಲ್ಲಿ ನಿಲ್ಲಲ್ಲ, ಮತ್ತೆ ನವೆಂಬರ್ ಅಕಾಲ ಮಳೆಗೆ ಸುತ್ತ ಚರಂಡಿ ತೆಗೆಸೋದು ಬಿಡಬೇಡಿ.