ಉದ್ದದ ಫ್ರೆಂಚ್ ಗುಣವಾಚಕ ನಾಲಿಗೆಗೆ ಸಿಗ್ತಿಲ್ವಾ? ಬಾಲದಿಂದ ಹಿಡಿಯಿರಿ

ಪಿಯುಸಿಯಲ್ಲಿ ಮಾರ್ಕ್ಸ್ ಚೆನ್ನಾಗಿ ಬರುತ್ತದೆ ಅಂತ ಫ್ರೆಂಚ್ ತಗೊಂಡವರು ಪರೀಕ್ಷೆಯಲ್ಲಿ ಹೇಗೋ ಬರೆದುಬಿಡುತ್ತಾರೆ. ಗಟ್ಟಿಯಾಗಿ ಓದಿ ಅಂದರೆ ಮಾತ್ರ ಉದ್ದದ ಗುಣವಾಚಕದ ಮುಂದೆ ನಿಂತುಬಿಡುತ್ತಾರೆ. ಬರೆದದ್ದನ್ನೆಲ್ಲ ಓದುವುದು ನಮ್ಮ ರೂಢಿ, ಫ್ರೆಂಚ್‌ನಲ್ಲಿ ಅದು ನಡೆಯಲ್ಲ.

ಮೊದಲು ಪದ ತುಂಡು ಮಾಡಿ. ಎರಡು ಸ್ವರಗಳ ನಡುವೆ ಒಂದೇ ವ್ಯಂಜನವಿದ್ದರೆ ಅದು ಮುಂದಿನ ಸ್ವರಕ್ಕೆ. ಎರಡಿದ್ದರೆ ಸಾಮಾನ್ಯವಾಗಿ ಆಚೆಗೊಂದು ಈಚೆಗೊಂದು, ಆದರೆ ಪ್ರ, ತ್ರ, ಬ್ಲ ತರಹದವನ್ನು ಒಡೆಯಬೇಡಿ. 'ಮರೆಯಲಾಗದ' ಅನ್ನುವ ಅರ್ಥದ ಪದ ಹೀಗೆ: ಇ-ನು-ಬ್ಲಿ-ಯಾಬ್ಲ್. ಕೊನೆಗೆ ಬರೆದಿರುವ 'e' ಅಕ್ಷರಕ್ಕೆ ಸದ್ದಿಲ್ಲ. ದಕ್ಷಿಣ ಫ್ರಾನ್ಸ್‌ನವರು ಅದನ್ನೂ ಸ್ವಲ್ಪ ಎಳೆಯುತ್ತಾರೆ, ಅದು ಬೇರೆ ಮಾತು. ನಾವು ಬಸ್ಸು, ಕಾರು ಅನ್ನುವ ಜನ, ಹಾಗಾಗಿ 'ಯಾಬ್ಲು' ಅಂತ ಬಾಯಿಗೆ ಬಂದೇ ಬರುತ್ತದೆ. ತಡೆಯಿರಿ.

ಆಮೇಲೆ ಮೂಗಿನ ಸ್ವರ. ಜಾಸ್ತಿ ಜನ ಎಡವುವುದು ಇಲ್ಲೇ. 'ಅರ್ಥವಾಗದ' ಅನ್ನುವುದಕ್ಕೆ ಆ್ಯಂ-ಕೊಂ-ಪ್ರೆ-ಆಂ-ಸಿಬ್ಲ್. ಕನ್ನಡದ ಸೊನ್ನೆ ಮುಂದಿನ ಅಕ್ಷರ ನೋಡಿ ವೇಷ ಬದಲಿಸುತ್ತದೆ, 'ಕಂಪು' ಅಂದಾಗ ತುಟಿ ಮುಚ್ಚಿಕೊಳ್ಳುತ್ತದೆ ಅಲ್ವಾ? ಫ್ರೆಂಚ್‌ನ 'ಕೊಂ' ಹೇಳುವಾಗ ತುಟಿ ಮುಚ್ಚಲೇಬಾರದು, ಉಸಿರನ್ನು ಮೂಗಿಗೂ ಬಿಟ್ಟು ಸ್ವರದಲ್ಲೇ ನಿಲ್ಲಬೇಕು. ಅದೇ 'ಎನ್' ಅಕ್ಷರದ ಮುಂದೆ ಸ್ವರ ಬಂದರೆ ಮೂಗಿನ ಸ್ವರ ಹೋಗಿ ಸಾದಾ ನಕಾರ ಉಳಿಯುತ್ತದೆ. ಮೇಲಿನ 'ಇ-ನು' ಆದದ್ದು ಹಾಗೆ.

ಈಗ ಬಾಲದ ಉಪಾಯ. ಫ್ರೆಂಚ್‌ನಲ್ಲಿ ಒತ್ತು ಬೀಳುವುದು ಕೊನೆಯ ತುಂಡಿನ ಮೇಲೆ, ಆದ್ದರಿಂದ ಅಲ್ಲಿಂದಲೇ ಕಟ್ಟಿ. 'ಸಾಂವಿಧಾನಿಕ' ಅನ್ನುವ ಪದ ತಗೊಳ್ಳಿ: ನೆಲ್. ಸ್ಯೊ-ನೆಲ್. ತ್ಯು-ಸ್ಯೊ-ನೆಲ್. ತಿ-ತ್ಯು-ಸ್ಯೊ-ನೆಲ್. ಕೊನೆಗೆ ಕೊಂಸ್-ತಿ-ತ್ಯು-ಸ್ಯೊ-ನೆಲ್. ಇಂಗ್ಲಿಷಿನ 'ಟ' ಬೇಡ, ನಮ್ಮ 'ತ'ನೇ ಸರಿ. 'ತ್ಯು' ಅಂತ ಬರೆದದ್ದು ಬೇರೆ ದಾರಿಯಿಲ್ಲದೆ, ಅಲ್ಲಿ ಯಕಾರವೇ ಇಲ್ಲ. ಬಾಯೊಳಗೆ 'ಈ' ಅನ್ನುತ್ತಲೇ ತುಟಿಯನ್ನು 'ಊ'ಗೆ ಬೇಕಾದಷ್ಟು ಗುಂಡಗೆ ಮಾಡಿ, ಸಿಗುತ್ತದೆ.

ಸ್ತ್ರೀಲಿಂಗದಲ್ಲಿ ಮಲಗಿದ್ದ ವ್ಯಂಜನ ಎಷ್ಟೋ ಸಲ ಏಳುತ್ತದೆ. 'ಆಸಕ್ತಿ ಹುಟ್ಟಿಸುವ' ಪುಲ್ಲಿಂಗಕ್ಕೆ ಆ್ಯಂ-ತೆ-ರೆ-ಸಾಂ, ಸ್ತ್ರೀಲಿಂಗಕ್ಕೆ ಆ್ಯಂ-ತೆ-ರೆ-ಸಾಂತ್.

ಕಿವಿ ಪಳಗಬೇಕಾದರೆ ಫ್ರಾನ್ಸ್‌ನ ಆರ್‌ಎಫ್‌ಐ ರೇಡಿಯೊದ ಸರಳ ಫ್ರೆಂಚ್ ಸುದ್ದಿ ಕೇಳಿ, ಸುಮಾರು 10 ನಿಮಿಷದ್ದು. ಬರಹದ ರೂಪವೂ ಸಿಗುತ್ತದೆ, ಮೊದಲ ಸಲ ಅದನ್ನು ತೆರೆಯಬೇಡಿ.