ಪೂಜೆ ಮೊದಲು, ಪುಸ್ತಕ ಆಮೇಲೆ: ಹೊಸಬರನ್ನು ವರ್ಷ ಕಾಯಿಸಿದ ನನ್ನ ಅನುಭವ

ಕಥೋಲಿಕರಾಗಲು ಬರುವ ದೊಡ್ಡವರಿಗೆ ಮೂರು ತಿಂಗಳ ಬದಲು ಒಂದು ವರ್ಷ ಕಳೆದ ಮೇಲೆ ದೀಕ್ಷಾಸ್ನಾನ (ನೀರು ಸುರಿದು ಸಭೆಗೆ ಸೇರಿಸುವ ವಿಧಿ) ಕೊಡಿಸುವ ಕ್ರಮ ನಮ್ಮಲ್ಲಿ ತಂದೆ. "ಒಂದು ವರ್ಷ ಕಾಯಿಸಿದರೆ ಒಬ್ಬರೂ ಉಳಿಯಲ್ಲ" ಅಂತ ನಮ್ಮ ಚರ್ಚಿನ ಪಾಲನಾ ಸಮಿತಿಯಲ್ಲಿ ಹೇಳಿದವರೇ ಈಗ ಅಕ್ಕಪಕ್ಕದ ಧರ್ಮಕೇಂದ್ರದವರಿಗೆ (ಬೇರೆ ಚರ್ಚಿನವರಿಗೆ) ನನ್ನ ನಂಬರ್ ಕೊಡುತ್ತಿದ್ದಾರೆ. ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳಿ ಸಾಕಾಯಿತು. ಓದುವವರು ಹೆಚ್ಚಿನಂಶ ಉಪದೇಶಿಗಳೇ, ಅಂದರೆ ಧರ್ಮಪಾಠ ಹೇಳಿಕೊಡುವವರೇ. ಹಾಗಾಗಿ ದೀಕ್ಷಾಸ್ನಾನ ಅಂದರೇನು, ಸಂಸ್ಕಾರಗಳು ಎಷ್ಟು ಅಂತೆಲ್ಲ ಉದ್ದುದ್ದ ಹೇಳಲು ಹೋಗುವುದಿಲ್ಲ.

ನಮ್ಮದು ಬೆಂಗಳೂರಿನ ಅಂಚಿನಲ್ಲಿರುವ ಕನ್ನಡ ಧರ್ಮಕೇಂದ್ರ. ಗಾರ್ಮೆಂಟ್ಸ್‌ಗೆ ಹೋಗುವವರು, ಆಟೋ ಓಡಿಸುವವರು, ಗಾರೆ ಕೆಲಸದವರು ಜಾಸ್ತಿ. ಹೊಸಬರು ನಮ್ಮ ಬಾಗಿಲಿಗೆ ಬರುವುದು ಪುಸ್ತಕ ಓದಿ ಅಲ್ಲ. ವಿವೇಕನಗರದ ಬಾಲಯೇಸುವಿನ ಹತ್ತಿರ ಗುರುವಾರ ಗುರುವಾರ ಹೋಗಿ ಹರಕೆ ಹೊತ್ತವರು ಬರುತ್ತಾರೆ. ಸೆಪ್ಟೆಂಬರ್ 8ಕ್ಕೆ ಕಾವಿ ಸೀರೆ ಉಟ್ಟು ಶಿವಾಜಿನಗರದ ಚರ್ಚಿನ ಮರಿಯಮ್ಮನ ಹಬ್ಬಕ್ಕೆ ಹೋಗಿಬಂದವರು ಬರುತ್ತಾರೆ. ಉಳಿದವರೆಲ್ಲ ಮದುವೆ ಗಿರಾಕಿಗಳು. "ಎರಡು ತಿಂಗಳಿಗೆ ಮದುವೆ ಇದೆ ಸರ್, ಬೇಗ ಮುಗಿಸಿಕೊಡಿ" ಅನ್ನುತ್ತಾರೆ.

ಈ ಮದುವೆಯವರಿಗೆ ನಾನು ಮೊದಲು ಹೇಳುವುದು ಒಂದೇ ಮಾತು. ಚರ್ಚಿನಲ್ಲಿ ಮದುವೆಯಾಗಲು ನೀವು ಕಥೋಲಿಕರಾಗಲೇಬೇಕು ಅಂತ ಇಲ್ಲ. ಧರ್ಮಾಧ್ಯಕ್ಷರಿಂದ (ಬಿಷಪ್) ವಿನಾಯಿತಿ ತಗೊಂಡು ಮದುವೆ ಮಾಡಬಹುದು. ಇದನ್ನು ಕೇಳಿದ ತಕ್ಷಣ ಅರ್ಧ ಜನ ನಿರಾಳವಾಗಿ ಎದ್ದು ಹೋಗುತ್ತಾರೆ. "ಬಂದವರನ್ನೂ ಓಡಿಸ್ತೀರಲ್ಲ" ಅಂತ ನನಗೆ ಬೈಗುಳ ಬಿದ್ದಿದೆ. ಆದರೆ ಹಾಗೆ ಹೋದವರಲ್ಲಿ ಕೆಲವರು ಒಂದು ಮಗು ಆದಮೇಲೆ ತಾವಾಗಿಯೇ ವಾಪಸ್ ಬಂದಿದ್ದಾರೆ. ಅವರಷ್ಟು ಗಟ್ಟಿ ಜನ ಬೇರೆ ಯಾರೂ ಇಲ್ಲ.

ಹಿಂದೆ ನಡೆಯುತ್ತಿದ್ದುದು ನಿಮಗೆ ಗೊತ್ತೇ ಇದೆ. ಮೂರು ತಿಂಗಳು ಧರ್ಮಪಾಠದ ಪ್ರಶ್ನೋತ್ತರದ ಪುಸ್ತಕ, ಎರಡನೇ ಪೂಜೆ ಮುಗಿದ ಮೇಲೆ ಶಾಲೆಯ ಕೋಣೆಯಲ್ಲಿ ಪಾಠ, ಕೊನೆಗೆ ಫಾದರ್ ಹತ್ತಿರ ಬಾಯಿಪಾಠ ಒಪ್ಪಿಸುವುದು. ವರ್ಷಕ್ಕೆ ಏಳೆಂಟು ಜನ ದೀಕ್ಷಾಸ್ನಾನ ಪಡೆಯುತ್ತಿದ್ದರು. ಮುಂದಿನ ಪಾಸ್ಖ (ಈಸ್ಟರ್) ಹಬ್ಬಕ್ಕೆ ಪೂಜೆಯಲ್ಲಿ ಕಾಣುತ್ತಿದ್ದವರು ಇಬ್ಬರೋ ಮೂವರೋ. ಪಾಠ ಪೂರ್ತಿ ಒಪ್ಪಿಸಿದವರೇ ಮೊದಲು ಕಾಣೆಯಾಗುತ್ತಿದ್ದರು!

ನಾನು ಹೊಸದೇನನ್ನೂ ಕಂಡುಹಿಡಿದಿಲ್ಲ. ವಯಸ್ಕರ ಕ್ರೈಸ್ತ ಪ್ರವೇಶವಿಧಿ ಅಂತ 1972ರಲ್ಲಿ ರೋಮಿನಿಂದ ಬಂದದ್ದರಲ್ಲೇ ಇದೆಲ್ಲ ಇದೆ. ನಮ್ಮಲ್ಲಿ ಅದನ್ನು ಕಪಾಟಿನಿಂದ ಇಳಿಸಿರಲಿಲ್ಲ, ಅಷ್ಟೆ. ನಾನು ಪ್ರಶ್ನೋತ್ತರವನ್ನು ಪಕ್ಕಕ್ಕಿಟ್ಟೆ. ಮೊದಲ ನಾಲ್ಕೈದು ತಿಂಗಳು ಪಾಠವೇ ಇಲ್ಲ. ಒಬ್ಬೊಬ್ಬ ಹೊಸಬರಿಗೂ ಧರ್ಮಕೇಂದ್ರದ ಒಂದೊಂದು ಮನೆ ಗೊತ್ತು ಮಾಡಿದೆ. ಭಾನುವಾರ ಪೂಜೆಯಲ್ಲಿ ಆ ಮನೆಯವರು ಇವರ ಪಕ್ಕ ಕೂರಬೇಕು. ಮುಗಿದ ಮೇಲೆ ಮನೆಗೆ ಕರೆದುಕೊಂಡು ಹೋಗಿ ತಿಂಡಿ ಕೊಡಬೇಕು. ಉಪದೇಶ ಮಾಡಕೂಡದು.

ಮೊದಲ ವರ್ಷ ಮನೆಗಳನ್ನು ಆರಿಸಿದ್ದು ಸಮಿತಿ. ಕಾಣಿಕೆ ಜಾಸ್ತಿ ಕೊಡುವ ದೊಡ್ಡ ಮನೆಗಳನ್ನೇ ಆರಿಸಿದರು. ಹೊಸಬರು ಸೋಫಾದ ತುದಿಯಲ್ಲಿ ಕೈಕಟ್ಟಿ ಕೂತು, ಒಂದು ಇಡ್ಲಿ ತಿಂದು, "ಸಾಕು ಮೇಡಂ" ಅಂದು ಎದ್ದುಬಂದರು. ಮೂರನೇ ವಾರಕ್ಕೆ ಎಲ್ಲರಿಗೂ ಒಂದೊಂದು ನೆಪ ಸಿಕ್ಕಿತ್ತು. ಆಮೇಲಿಂದ ಮನೆ ಆರಿಸುವ ಕೆಲಸ ನನ್ನದು. ಹೇಗೆ ಆರಿಸುತ್ತೇನೆ ಅಂತ ಪೂರ್ತಿ ಹೇಳಲ್ಲ, ಆ ಗುಟ್ಟು ನನ್ನ ಹತ್ತಿರವೇ ಇರಲಿ. ಒಂದು ಸುಳಿವು ಕೊಡುತ್ತೇನೆ: ಆ ಮನೆಯಲ್ಲಿ ನೆಲದ ಮೇಲೆ ಕೂತು ಊಟ ಮಾಡುವ ರೂಢಿ ಇರಬೇಕು.

ಪಕ್ಕದಲ್ಲಿ ಮನೆಯವರು ಕೂರುವುದರಿಂದ ಇನ್ನೊಂದು ಲಾಭ ಆಯಿತು. ದೀಕ್ಷಾಸ್ನಾನ ಆಗದವರಿಗೆ ಕೊಡದ ಪರಮಪ್ರಸಾದಕ್ಕೆ (ಪೂಜೆಯ ಪವಿತ್ರ ರೊಟ್ಟಿಗೆ) ಸಾಲು ಎದ್ದಾಗ ಹೊಸಬರೂ ಕೈಚಾಚಿಕೊಂಡು ಎದ್ದುಬಿಡುತ್ತಾರೆ. ದೇವಸ್ಥಾನದಲ್ಲಿ ಎಲ್ಲರಿಗೂ ಕೊಡುತ್ತಾರಲ್ಲ, ಇಲ್ಲೂ ಹಾಗೇ ಅಂದುಕೊಂಡಿರುತ್ತಾರೆ. ಸ್ವಯಂಸೇವಕರು ಎಲ್ಲರ ಎದುರಿಗೆ ತಡೆದು ನಿಲ್ಲಿಸಿದರೆ ಮುಖ ಸಣ್ಣದಾಗುತ್ತದೆ. ಈಗ ಮನೆಯವರ ಜೊತೆಯಲ್ಲೇ ಸಾಲಿಗೆ ಬರುತ್ತಾರೆ. ಎದೆ ಮೇಲೆ ಕೈ ಅಡ್ಡ ಇಟ್ಟುಕೊಳ್ಳುತ್ತಾರೆ, ಫಾದರ್ ಆಶೀರ್ವಾದ ಮಾಡಿ ಕಳಿಸುತ್ತಾರೆ.

ಆ ಪ್ರವೇಶವಿಧಿಯಲ್ಲಿರುವ ಒಂದು ವಿಷಯ ಮಾತ್ರ ನಮ್ಮಲ್ಲಿ ಪೂರ್ತಿ ಕೆಟ್ಟಿತು. ಪೂಜೆಯ ನಡುವೆ ಪ್ರಬೋಧನೆ (ಫಾದರ್ ಪ್ರವಚನ) ಆದಮೇಲೆ ಹೊಸಬರನ್ನು ಪ್ರೀತಿಯಿಂದ ಹೊರಗೆ ಕಳಿಸಿ, ಅವತ್ತಿನ ಬೈಬಲ್ ವಾಚನದ ಬಗ್ಗೆ ಬೇರೆ ಕೋಣೆಯಲ್ಲಿ ಮಾತಾಡಿಸಬೇಕು. ಎರಡು ವಾರ ಮಾಡಿದೆವು. ಎರಡನೇ ವಾರ ಒಬ್ಬ ಹಿರಿಯರು, "ನಮ್ಮೂರ ಗುಡೀಲೂ ಹೀಗೇ ಆಚೆ ನಿಲ್ಲಿಸ್ತಿದ್ರು" ಅಂದರು. ಆಮೇಲೆ ಇಡೀ ಗುಂಪಿನಲ್ಲಿ ಯಾರೂ ಬಾಯಿ ಬಿಡಲಿಲ್ಲ. ಅಂದೇ ನಿಲ್ಲಿಸಿದೆ. ತಕ್ಕ ಕಾರಣ ಇದ್ದರೆ ಒಳಗೇ ಕೂರಿಸಬಹುದು ಅಂತ ಅದೇ ವಿಧಿಯಲ್ಲೇ ಇದೆ. ಫಾದರ್ ಒಪ್ಪಿದರು.

ದುಡ್ಡಿನ ವಿಷಯಕ್ಕೆ ಬರೋಣ. ವರ್ಷಕ್ಕೆ ಹದಿನೈದು ಹದಿನಾರು ಸಾವಿರ ಆಗುತ್ತದೆ. ಧರ್ಮಕೇಂದ್ರ ಕೊಡುವುದು ಐದು. ಉಳಿದದ್ದು ನನ್ನ ಜೇಬು ಮತ್ತು ಇಬ್ಬರು ಗೆಳೆಯರದು. ಕನ್ನಡ ಬೈಬಲ್ಲು, ಜೆರಾಕ್ಸ್, ಕಾಫಿ, ದೀಕ್ಷಾಸ್ನಾನದ ದಿನ ಹೊದಿಸುವ ಬಿಳಿ ಶಾಲು, ಮೇಣದಬತ್ತಿ ಎಲ್ಲ ಅದರಲ್ಲೇ. ಬಿಳಿ ಸೀರೆ ಅಂತ ಹೊರಟರೆ ಖರ್ಚು ಮೂರು ಪಟ್ಟು, ಶಾಲು ಇನ್ನೂರು ಚಿಲ್ಲರೆಗೆ ಸಿಗುತ್ತದೆ. ಹೊಸಬರಿಗೆ ಮಾತ್ರ ಒಂದು ರೂಪಾಯಿ ಕೊಡುವುದಿಲ್ಲ, ಬಸ್ ಚಾರ್ಜ್ ಕೂಡ ಇಲ್ಲ. ದಾನಿಯೊಬ್ಬರು ರೇಷನ್ ಕಿಟ್ ಕೊಡುತ್ತೇನೆ ಅಂದಾಗ ಬೇಡವೇ ಬೇಡ ಅಂದೆ. ಜಿಪುಣ ಅಂತ ಹೆಸರು ಬಂತು. 2022ರಲ್ಲಿ ಮತಾಂತರದ ಕಾಯ್ದೆ ಬಂದಾಗ ಎಲ್ಲರಿಗೂ ಅರ್ಥ ಆಯಿತು. ಮತ ಬದಲಿಸುವವರು 30 ದಿನ ಮುಂಚೆ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು, ವಿಧಿ ನಡೆಸುವವರೂ ತಿಳಿಸಬೇಕು ಅಂತ ಅದರಲ್ಲಿ ಬರೆದಿತ್ತು. ಆಮಿಷ ಅನ್ನೋ ಮಾತೂ ಇತ್ತು. ಮೂರು ತಿಂಗಳ ಲೆಕ್ಕದವರಿಗೆ ತಲೆಬಿಸಿ. ನಮ್ಮಲ್ಲಿ ವರ್ಷದ ಹಾಜರಿ ಪುಸ್ತಕ, ಕೈಬರಹದ ಕೋರಿಕೆ ಪತ್ರ, ಅವರವರ ಸ್ವಂತ ಮನೆಯವರಿಗೆ ತಿಳಿಸಿದ ದಾಖಲೆ ಎಲ್ಲ ಫೈಲಿನಲ್ಲಿತ್ತು. ನೀವೂ ಒಬ್ಬ ವಕೀಲರನ್ನು ಕೇಳಿಯೇ ಮುಂದುವರಿಯಿರಿ.

ಪಾಠ ಶುರುವಾಗುವುದು ಮಳೆಗಾಲ ಮುಗಿದ ಮೇಲೆ. ಅಷ್ಟರಲ್ಲಿ ಅವರ ಹತ್ತಿರವೇ ಪ್ರಶ್ನೆ ತುಂಬಿರುತ್ತದೆ. ಅಪ್ಪನ ತಿಥಿಗೆ ಹೋಗಬಹುದಾ? ಅತ್ತೆ ಕೊಟ್ಟ ಕುಂಕುಮ ಏನು ಮಾಡಲಿ? ಯಾವ ಪ್ರಶ್ನೋತ್ತರದಲ್ಲೂ ಇವಿಲ್ಲ, ಅಲ್ವಾ? ಇಂಥವಕ್ಕೆ ಫಾದರನ್ನೇ ಕೂರಿಸುತ್ತೇನೆ.

ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಅನ್ನುವ ಪ್ರೊಟೆಸ್ಟೆಂಟ್ ಸಭೆಯಿಂದ ಬಂದವರನ್ನು ಈ ಗುಂಪಿಗೆ ಸೇರಿಸಬೇಡಿ. ಅವರಿಗೆ ಆಗಲೇ ದೀಕ್ಷಾಸ್ನಾನ ಆಗಿದೆ, ಎರಡನೇ ಸಲ ಕೊಡುವ ಹಾಗಿಲ್ಲ. ಸರ್ಟಿಫಿಕೇಟ್ ತರಿಸಿ, ವಿಶ್ವಾಸ ಪ್ರಮಾಣ ಹೇಳಿಸಿ, ದೃಢೀಕರಣ (ವಿಶ್ವಾಸ ಗಟ್ಟಿ ಮಾಡುವ ತೈಲದ ಸಂಸ್ಕಾರ) ಕೊಟ್ಟು ಸೇರಿಸಿಕೊಳ್ಳುವುದು.

ಪಾಸ್ಖಕ್ಕೆ ಮುಂಚಿನ ತಪಸ್ಸುಕಾಲದ ಮೂರು, ನಾಲ್ಕು, ಐದನೇ ಭಾನುವಾರಗಳೇ ನಮ್ಮ ನಿಜವಾದ ಪಾಠ. ಅವತ್ತು ಓದುವ ಯೇಸುವಿನ ಕಥೆಗಳು: ಸಮಾರ್ಯದ ಹೆಂಗಸು, ಹುಟ್ಟುಕುರುಡ, ಸತ್ತು ಎದ್ದ ಲಾಜರ. ಒಂದು ವರ್ಷ ಬಾವಿ ಹತ್ತಿರ ಯೇಸುವಿಗೆ ಸಿಕ್ಕ ಆ ಸಮಾರ್ಯದ ಹೆಂಗಸಿನ ಕಥೆ ಓದಿ ಸುಮ್ನೆ ಕೂತೆ. ಟೈಲರ್ ಕೆಲಸದ ಒಬ್ಬ ಹೆಣ್ಣುಮಗಳು ಹೇಳಿದಳು: "ಮಟಮಟ ಮಧ್ಯಾಹ್ನ ನೀರಿಗೆ ಬಂದಿದ್ದಾಳೆ ಅಂದ್ರೆ, ಬೆಳಿಗ್ಗೆ ಬರೋ ಹೆಂಗಸರ ಬಾಯಿಗೆ ಹೆದರಿಕೊಂಡು ತಾನೆ ಸರ್? ನಾನೂ ಬೋರ್‌ವೆಲ್‌ಗೆ ಹಂಗೇ ಹೋಗ್ತಿದ್ದೆ." ದೊಡ್ಡ ದೊಡ್ಡ ವ್ಯಾಖ್ಯಾನಕಾರರು ಹೇಳುವುದೂ ಇದನ್ನೇ. ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ನಡುವೆ ಒಂದೆರಡು ಪ್ರಯೋಗ ಮಾಡಿದೆ. ಎರಡನೇ ಶಿಫ್ಟಿನವರಿಗೆ ಅಂತ ವಾಟ್ಸಾಪಿನಲ್ಲಿ ಶುಭಸಂದೇಶ (ಬೈಬಲ್ಲಿನ ಯೇಸುವಿನ ಕಥೆ) ಓದಿ ಕಳಿಸುತ್ತಿದ್ದೆ. ಕೈಮುಗಿಯುವ ಚಿತ್ರ ಬರುತ್ತಿತ್ತು, ಕೇಳಿದವರು ಮಾತ್ರ ಕಮ್ಮಿ. ಕೆ.ಆರ್. ನಗರ ತಾಲ್ಲೂಕಿನ ಡೋರ್ನಹಳ್ಳಿಗೆ ಸಂತ ಅಂತೋಣಿಯವರ ದರ್ಶನಕ್ಕೆ ಟೆಂಪೋದಲ್ಲಿ ಹೋದದ್ದು ಮಾತ್ರ ಫಲ ಕೊಟ್ಟಿತು. ಹೊಲ ಉಳುವಾಗ ರೈತನಿಗೆ ಸಿಕ್ಕ ಪ್ರತಿಮೆಯ ಕಥೆ ಅವರಿಗೆ ಸಲೀಸಾಗಿ ಇಳಿಯಿತು. ವಾಪಸ್ ಬರುವಾಗ ಮದ್ದೂರಿನಿಂದ ಬೆಂಗಳೂರಿನವರೆಗೆ ಸಂತರ ಬಗ್ಗೆ, ವಿಗ್ರಹದ ಬಗ್ಗೆ ಜಗಳವೇ ಜಗಳ. ಆರು ವಾರದ ಪಾಠ ಒಂದೇ ಸಂಜೆಯಲ್ಲಿ ಮುಗಿಯಿತು.

ದೀಕ್ಷಾಸ್ನಾನ ಕೊಡುವ ಪಾಸ್ಖ ಜಾಗರಣೆಯ (ಹಬ್ಬದ ಹಿಂದಿನ) ರಾತ್ರಿಗೆ ಎರಡು ಸಲಹೆ. ಪೂಜೆ ಮುಗಿಯುವ ಹೊತ್ತಿಗೆ ಬಸ್ ಇರಲ್ಲ, ಮಲಗಲು ಜಾಗ ಮೊದಲೇ ನೋಡಿಡಿ. ಮತ್ತೆ, ಮೇಣದಬತ್ತಿಗೆ ಕಾಗದದ ಬಟ್ಟಲು ಸಿಕ್ಕಿಸಿ. ಶಾಲಿನ ಮೇಲೆ ಬಿದ್ದ ಮೇಣ ಹೋಗಲ್ಲ.

ದೀಕ್ಷಾಸ್ನಾನ ಆದಮೇಲಿನ ಐವತ್ತು ದಿನದಲ್ಲೇ ಜನ ಜಾರುವುದು. ಅದಕ್ಕೇ ಮರುವಾರವೇ ಒಂದೊಂದು ಕೆಲಸ ಹಚ್ಚುತ್ತೇನೆ. ಒಬ್ಬರು ಗಾನವೃಂದಕ್ಕೆ, ಒಬ್ಬರು ಬಡವರಿಗೆ ನೆರವಾಗುವ ವಿನ್ಸೆಂಟ್ ಡಿ ಪಾಲ್ ಸಭೆಗೆ, ಅಡುಗೆ ಬಲ್ಲವರು ಹಬ್ಬದ ಊಟಕ್ಕೆ. ಯಾರಿಗೆ ಯಾವ ಕೆಲಸ ಅನ್ನುವುದರಲ್ಲೂ ಒಂದು ಲೆಕ್ಕ ಇದೆ. ಅದನ್ನು ಬಂದು ನೋಡಿದವರಿಗೆ ಹೇಳುತ್ತೇನೆ. ಐದಾರು ವರ್ಷದಲ್ಲಿ ಮೂವತ್ತಕ್ಕೂ ಮೇಲೆ ಜನ ಸೇರಿದ್ದಾರೆ. ಇಪ್ಪತ್ತೈದರ ಹತ್ತಿರ ಇವತ್ತಿಗೂ ಭಾನುವಾರ ಬರುತ್ತಾರೆ. ಅವರಲ್ಲಿ ನಾಲ್ಕು ಮನೆಗಳು ಈಗ ಹೊಸಬರಿಗೆ ತಿಂಡಿ ಹಾಕುತ್ತಿವೆ.

ಇನ್ನೂ ಬಗೆಹರಿಯದಿರುವುದು ಮಕ್ಕಳ ವಿಷಯ. ಏಳು ವರ್ಷ ದಾಟಿದ ಮಗುವನ್ನು ದೀಕ್ಷಾಸ್ನಾನದ ಲೆಕ್ಕದಲ್ಲಿ ದೊಡ್ಡವರಂತೆಯೇ ನೋಡಬೇಕು. ಆದರೆ ದೊಡ್ಡವರ ಗುಂಪಿನಲ್ಲಿ ಕೂರಿಸಿದರೆ ಅವು ನಿದ್ದೆ ಹೊಡೆಯುತ್ತವೆ. ಧರ್ಮೋಪದೇಶದ ಕ್ಲಾಸಿಗೆ ಹಾಕಿದರೆ ಉಳಿದ ಮಕ್ಕಳು "ನಿಂಗಿನ್ನೂ ದೀಕ್ಷಾಸ್ನಾನ ಆಗಿಲ್ವಾ?" ಅಂತ ಕಾಡುತ್ತವೆ. ಯಾರಾದರೂ ಇದಕ್ಕೊಂದು ದಾರಿ ಮಾಡಿ ನೋಡಿದ್ದರೆ ತಿಳಿಸಿ.